ಗೆರೆ ಮತ್ತು ಗಣಿ

(ಬಾನುಲಿ ಭಾಷಣ)

ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪಿನಲ್ಲಿ ಇಂದಿಗೂ ಬಂಗಾಳಿ ಮಾತು ಕಿವಿಗೆ ಬೀಳುತ್ತದೆ. ತುಂಗಭದ್ರೆಯ ಕಾಲುವೆಯ ಸೀಮೆಯಲ್ಲಿ ಬದುಕು ಕಟ್ಟಿಕೊಂಡ ಈ ಜನ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಮತ್ತು ಅವರ ಸಂತತಿಯವರು. ಅಲ್ಲಿಂದ ಮಸ್ಕಿಯನ್ನು ದಾಟಿ ಲಿಂಗಸುಗೂರಿನ ಕಡೆಗೆ ಸಾಗಿದರೆ ಹಟ್ಟಿಯ ಚಿನ್ನದ ಗಣಿ ಸಿಗುತ್ತದೆ. ಒಂದು, ಪರಕೀಯ ಆಳ್ವಿಕೆ ಎಳೆದ ಗೆರೆಯ ಫಲ. ಇನ್ನೊಂದು, ನೆಲದೊಳಗಿನ ಸಂಪತ್ತು. ನಮ್ಮಲ್ಲಿ ಇವೆರಡೂ ನೆರೆಹೊರೆಯಲ್ಲಿದ್ದರೂ ಒಂದಕ್ಕೊಂದು ಸಂಬಂಧವಿಲ್ಲ. ಆಫ್ರಿಕದ ಕೆಲವು ದೇಶಗಳಲ್ಲಾದರೋ ಇವು ಹೆಣೆದುಕೊಂಡಿವೆ. ಅಲ್ಲಿನ ಕಲಹಗಳ ಒಂದು ಮುಖ್ಯ ಮೂಲ ಇದು.

ಮೊದಲು ಗೆರೆಯ ಮಾತು. 1947ರ ಜುಲೈಯಲ್ಲಿ ಭಾರತಕ್ಕೆ ಬಂದ ರ‍್ಯಾಡ್‌ಕ್ಲಿಫ್ ಕೆಲವೇ ವಾರಗಳಲ್ಲಿ ಬಂಗಾಳ, ಪಂಜಾಬುಗಳನ್ನು ಇಬ್ಭಾಗ ಮಾಡಿದರು. ಅದು ಪ್ರಕಟವಾದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದ ಮೇಲೆ. ಆಫ್ರಿಕದ ಹಂಚಿಕೆಗೆ ನಿಯಮ ಮಾಡಿದ್ದು 1884–85ರ ಬರ್ಲಿನ್ ಸಮ್ಮೇಳನ. ಅಲ್ಲಿ ಆಫ್ರಿಕದ ಪ್ರತಿನಿಧಿ ಒಬ್ಬರೂ ಇರಲಿಲ್ಲ. ಮುಂದೆ ಎಳೆದ ಗಡಿಗಳು ಒಂದೇ ಭಾಷೆಯವರನ್ನು ಹಲವು ದೇಶಗಳಿಗೆ ಹಂಚಿದವು.

ಇನ್ನು ಗಣಿ. ಕಾಂಗೋವನ್ನು ಬೆಲ್ಜಿಯಂ ದೊರೆ ಲಿಯೊಪೋಲ್ಡ್ 1908ರವರೆಗೆ ಸ್ವಂತ ಆಸ್ತಿಯಂತೆ ಆಳಿದ. ಆಮೇಲೆ ಅದು ಬೆಲ್ಜಿಯಂ ಸರ್ಕಾರದ ವಸಾಹತಾಯಿತು. 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದ ಹನ್ನೊಂದೇ ದಿನಕ್ಕೆ ತಾಮ್ರದ ನಾಡಾದ ಕಟಾಂಗ ಬೇರೆಯಾಯಿತೆಂದು ಘೋಷಿಸಿಕೊಂಡಿತು. ಅದಕ್ಕೆ ಬೆಲ್ಜಿಯಂ ಸೈನ್ಯದ ಬೆಂಬಲವಿತ್ತು, ಗಣಿ ಕಂಪನಿಯ ಹಣವಿತ್ತು. ಪ್ರಧಾನಿ ಲುಮುಂಬಾ 1961ರ ಜನವರಿಯಲ್ಲಿ ಕೊಲೆಯಾದರು. ಶಾಂತಿಪಾಲನೆಗೆ ಹೋದ ನಮ್ಮ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯೇ ಮಡಿದು, ಮರಣೋತ್ತರ ಪರಮವೀರ ಚಕ್ರಕ್ಕೆ ಪಾತ್ರರಾದರು.

ಗೆರೆಯೂ ಗಣಿಯೂ ಕೂಡುವುದನ್ನು ಕಾಣಬೇಕಾದರೆ ಅದೇ ದೇಶದ ಪೂರ್ವದ ಕಿವು ಪ್ರಾಂತವನ್ನು ನೋಡಬೇಕು. ರುವಾಂಡಾದ ಭಾಷೆಯನ್ನಾಡುವ ಅನೇಕರು ಗಡಿಯ ಈಚೆ ಇದ್ದಾರೆ. 1972ರ ಕಾನೂನು ಅವರಲ್ಲಿ ಬಹುಮಂದಿಗೆ ಪೌರತ್ವ ಕೊಟ್ಟಿತು. 1981ರ ಕಾನೂನು ಅದನ್ನು ಕಿತ್ತುಕೊಂಡಿತು. ‘ನೀನು ಇಲ್ಲಿಯವನೇ?’ ಎಂಬ ಪ್ರಶ್ನೆ ಹೊಲ, ಮನೆ, ಮತ ಎಲ್ಲಕ್ಕೂ ತಗಲಿತು. ಆ ಮಣ್ಣಿನಲ್ಲೇ ಕೋಲ್ಟಾನ್ ಇದೆ. ನಮ್ಮ ಕಿಸೆಯ ಮೊಬೈಲಿಗೆ ಬೇಕಾದ ಟ್ಯಾಂಟಲಂ ಬರುವುದು ಅದರಿಂದ. ಪೌರತ್ವದ ಸಂಶಯ ಬಂದೂಕಿಗೆ ನೆಪವಾಯಿತು. ಗಣಿ ಬಂದೂಕಿಗೆ ಹಣವಾಯಿತು. 2024ರಲ್ಲಿ ರುಬಾಯಾದ ಗಣಿಗಳನ್ನು ವಶಪಡಿಸಿಕೊಂಡ ಎಂ-23 ಬಂಡುಕೋರರು 2025ರ ಜನವರಿಯಲ್ಲಿ ಗೋಮಾ ನಗರವನ್ನೇ ಹಿಡಿದರು.

ಹಾಗಾದರೆ ಖನಿಜವೇ ಶಾಪವೆ? ಅಲ್ಲ. 1966ರಲ್ಲಿ ಸ್ವತಂತ್ರವಾದ ಬೋಟ್ಸ್‌ವಾನಾದಲ್ಲಿ ಮರುವರ್ಷ ವಜ್ರ ದೊರಕಿತು, ಆದಾಯ ಸರ್ಕಾರದ ಬೊಕ್ಕಸಕ್ಕೆ ಬಂದು ಶಾಲೆ, ರಸ್ತೆಗಳಾಯಿತು, ಅಂತರ್ಯುದ್ಧ ನಡೆಯಲಿಲ್ಲ. ನಮ್ಮ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನ ತೆಗೆದ ಕುರುಹುಗಳಿವೆ. ಇಂದು ಆ ಗಣಿ ರಾಜ್ಯ ಸರ್ಕಾರದ ಕಂಪನಿಯದು. ಅದರ ಲೆಕ್ಕವನ್ನು ಶಾಸನಸಭೆ ಕೇಳಬಹುದು, ಕೂಲಿಯನ್ನು ಕಾರ್ಮಿಕ ಸಂಘ ಕೇಳಬಹುದು. ಈ ಕೇಳುವ ಹಕ್ಕೇ ನಮ್ಮನ್ನು ಕಾಯುವುದು.

ಆದರೆ ಹೆಮ್ಮೆಪಡಲು ಅವಸರ ಬೇಡ. ನೆರೆಯ ಬಳ್ಳಾರಿಯಲ್ಲಿ ಅದಿರು ಎಷ್ಟು ಬೇಗ ಆಡಳಿತವನ್ನೇ ಕೊಳ್ಳತೊಡಗಿತೆಂಬುದನ್ನು 2011ರ ಲೋಕಾಯುಕ್ತ ವರದಿ ತೋರಿಸಿತು. ಗಣಿಗಾರಿಕೆಯನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯವೇ ಮುಂದಾಗಬೇಕಾಯಿತು. ಆರ್.ಎಚ್. ಕ್ಯಾಂಪಿನ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಲ್ಲಿ, ದಶಕಗಳ ಕಾಯುವಿಕೆಯ ಬಳಿಕ. ಗಣಿಯ ಲೆಕ್ಕ ತಪ್ಪುವುದೂ, ನೆರೆಯವನ ನೆಲೆಯನ್ನು ಅನುಮಾನದಲ್ಲಿಡುವುದೂ ಸಣ್ಣ ತಪ್ಪುಗಳಂತೆ ಕಾಣುತ್ತವೆ. ಎರಡೂ ಒಂದೆಡೆ ಸೇರಿದರೆ ಏನಾಗುವುದೆಂಬುದನ್ನು ಕಾಂಗೋ ತನ್ನ ಮಕ್ಕಳ ನೆತ್ತರು ತೆತ್ತು ಹೇಳುತ್ತಿದೆ.