ಹಸುಗೂಸು ಮತ್ತು ಹಸಿಬಾಣಂತಿ

ಆಗತಾನೆ ಹುಟ್ಟಿದ ಮಗುವನ್ನು ನಾವು ಹಸುಗೂಸು ಎನ್ನುತ್ತೇವೆ. ಹೆತ್ತು ಕೆಲವೇ ದಿನಗಳಾದ ತಾಯಿಯನ್ನು ಹಸಿಬಾಣಂತಿ ಎನ್ನುತ್ತೇವೆ. ಎರಡು ಮಾತುಗಳಲ್ಲಿಯೂ ಅಡಗಿರುವ ಭಾವ ಒಂದೇ: ಇನ್ನೂ ಬಲಿಯದ, ಇನ್ನೂ ಆರದ ಜೀವ. ಹಸಿ ಗೋಡೆಯ ಮೇಲೆ ಯಾರೂ ತೊಲೆ ಹೇರುವುದಿಲ್ಲ. ಅದು ಒಣಗಿ ಗಟ್ಟಿಯಾಗುವವರೆಗೆ ಕಾಯುತ್ತಾರೆ. ನಮ್ಮ ಹಿರಿಯರು ತಾಯಿಗೂ ಮಗುವಿಗೂ ಒಂದೇ ವಿಶೇಷಣವನ್ನು ಹಚ್ಚಿದ್ದರಲ್ಲಿ ದೊಡ್ಡ ತಿಳಿವಳಿಕೆಯಿದೆ. ಮೊದಲ ಸಲ ತಂದೆತಾಯಿಯರಾಗುವವರು ಮಾಡಿಕೊಳ್ಳಬೇಕಾದ ಸಿದ್ಧತೆಯೆಲ್ಲ ಈ ಒಂದು ಮಾತಿನ ವಿಸ್ತರಣೆ ಎಂದರೂ ಸಲ್ಲುತ್ತದೆ.

ವಿಷಯ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಪ್ರಪಂಚದಲ್ಲಿ ಸುಮಾರು 23 ಲಕ್ಷ ಶಿಶುಗಳು ಹುಟ್ಟಿದ 28 ದಿನಗಳೊಳಗೆ ತೀರಿಕೊಂಡವು. ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಇದು. ಇವುಗಳಲ್ಲಿ ಬಹುಪಾಲು ಸಂಭವಿಸುವುದು ಮೊದಲ ವಾರದಲ್ಲಿಯೇ. ನಮ್ಮ ದೇಶದಲ್ಲಿ 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ, ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 20 ಮಕ್ಕಳು ಮೊದಲ ತಿಂಗಳನ್ನು ದಾಟಲಿಲ್ಲ. ಇವುಗಳಲ್ಲಿ ಹಲವು ಸಾವುಗಳನ್ನು ತಡೆಯಲು ಬೇಕಾದದ್ದು ಅಪರೂಪದ ಔಷಧವಲ್ಲ. ಸಕಾಲದ, ಸರಳವಾದ ಆರೈಕೆ.

ಈ ಆರೈಕೆಯ ಕಲ್ಪನೆ ನಮಗೆ ಹೊಸತೇನೂ ಅಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಸೂತಿಕಾಗಾರವನ್ನು ಅಣಿಗೊಳಿಸಿಡಬೇಕೆಂದು ಚರಕಸಂಹಿತೆ ಹೇಳುತ್ತದೆ. ಹಳ್ಳಿಗಳಲ್ಲಿ ಈ ಹೊಣೆಯನ್ನು ಹೊತ್ತವರು ಸೂಲಗಿತ್ತಿಯರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಏಳು ದಶಕಗಳ ಕಾಲ ಸಾವಿರಾರು ಹೆರಿಗೆಗಳನ್ನು ಕೂಲಿ ಬೇಡದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಇಂದು ಹೆರಿಗೆ ಆಸ್ಪತ್ರೆಗೆ ಹೋಗಿದೆ, ಹೋಗಬೇಕಾದದ್ದೇ. ಆದರೆ ಎರಡು ಮೂರು ದಿನಗಳಲ್ಲಿ ತಾಯಿಮಗು ಮನೆಗೆ ಮರಳುತ್ತಾರೆ. ಆ ಮನೆಯಲ್ಲಿ ಅಜ್ಜಿಯಿದ್ದರೆ ಹತ್ತು ಕಟ್ಟಳೆಗಳು. ಇಲ್ಲದಿದ್ದರೆ ಅಂಗಡಿಯಿಂದ ಬಂದ ಇಪ್ಪತ್ತು ಸಾಮಾನುಗಳು. ಎರಡರ ನಡುವೆ ದಿಕ್ಕುತೋಚದೆ ನಿಂತಿರುವ ಎಳೆಯ ದಂಪತಿ.

ಇಂಥ ಹೊತ್ತಿನಲ್ಲಿ ಒಂದು ಅಳತೆಗೋಲು ಕೈಯಲ್ಲಿರಬೇಕು. ಹಸುಗೂಸಿಗೆ ಬೇಕಾದವು ನಾಲ್ಕೇ: ಬೆಚ್ಚನೆಯ ಮೈ, ತಾಯಿಯ ಹಾಲು, ಶುಚಿಯಾದ ಕೈ, ಎಚ್ಚರದ ಕಣ್ಣು. ಯಾವುದೇ ರೂಢಿಯಾಗಲಿ, ಯಾವುದೇ ಹೊಸ ಸಾಮಾನಾಗಲಿ, ಈ ನಾಲ್ಕರಲ್ಲಿ ಯಾವುದಕ್ಕೆ ನೆರವಾಗುತ್ತದೆ ಎಂದು ಕೇಳಬೇಕು. ನೆರವಾದರೆ ಇರಲಿ. ನೆರವೂ ಇಲ್ಲ, ಕೇಡೂ ಇಲ್ಲ ಎಂದಾದರೆ ಹಿರಿಯರ ಸಂತೋಷಕ್ಕಾಗಿ ಇರಲಿ. ಕೇಡೆಂದು ಕಂಡರೆ ವಿನಯದಿಂದಲೇ ಬಿಡಬೇಕು. ಆರು ಹೆತ್ತವಳಿಗೆ ಮೂರು ಹೆತ್ತವಳು ಹೇಳಿಕೊಟ್ಟಳಂತೆ ಎಂಬ ಗಾದೆ ಹಿರಿಯ ಕೇಳುಗರ ನೆನಪಿಗೆ ಬಂದೀತು. ಅಡ್ಡಿಯಿಲ್ಲ, ಅವರ ಅನುಭವಕ್ಕೆ ಎದುರಾಡುವ ಉದ್ದೇಶ ಈ ಮಾತುಗಳಿಗಿಲ್ಲ.

ಮೊದಲನೆಯದು ಬೆಚ್ಚಗೆ. ಒಂಬತ್ತು ತಿಂಗಳು ತಾಯಿಯ ಮೈಶಾಖದಲ್ಲಿ ಬೆಳೆದ ಶಿಶು ಹುಟ್ಟಿದೊಡನೆ ಒದ್ದೆ ಮೈಯಲ್ಲಿ ತಂಪು ಗಾಳಿಗೆ ಬೀಳುತ್ತದೆ. ಆ ಪುಟ್ಟ ದೇಹ ಶಾಖವನ್ನು ಕಳೆದುಕೊಳ್ಳುವ ವೇಗ ದೊಡ್ಡವರದಕ್ಕಿಂತ ಬಹಳ ಹೆಚ್ಚು. ಆದ್ದರಿಂದಲೇ ಮಗುವನ್ನು ಒಡನೆ ಒರೆಸಿ, ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಹೊದಿಸಬೇಕು. ಮೈಮೇಲಿನ ಬಿಳಿಯ ಲೇಪ ಕೊಳೆಯಲ್ಲ, ಉಜ್ಜಿ ತೆಗೆಯಬೇಕಾಗಿಲ್ಲ. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯುವುದು ಒಳ್ಳೆಯದು. ತೂಕ ಕಡಿಮೆಯಿರುವ ಮಗುವಿಗೆ ಯಾವಾಗ ನೀರೆರೆಯಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಬೆಚ್ಚಗೆ ಎಂದರೆ ಬೇಯಿಸುವುದು ಎಂದಲ್ಲ. ಮಡಿಕೇರಿಯ ಮಳೆಗಾಲಕ್ಕೆ ಹೊಂದುವ ಟೋಪಿ, ಕಾಲುಚೀಲ, ಉಣ್ಣೆ ರಾಯಚೂರಿನ ಬೇಸಗೆಗೆ ಹೊಂದಲಾರವು. ನಾವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಎಂಬುದು ಸಾಮಾನ್ಯ ಲೆಕ್ಕ. ಕಡು ಸೆಕೆಯಲ್ಲಿ ಅದೂ ಬೇಡ. ಅಂಗೈಯ ಹಿಂಭಾಗದಿಂದ ಮಗುವಿನ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ ನೋಡಿದರೆ ತಿಳಿಯುತ್ತದೆ. ಎರಡೂ ಬೆಚ್ಚಗಿದ್ದರೆ ನೆಮ್ಮದಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಇನ್ನಷ್ಟು ಹೊದಿಕೆ ಬೇಕು. ಎರಡೂ ತಣ್ಣಗಿದ್ದರೆ ಅದು ಅಪಾಯದ ಗುರುತು. ಮಂಚದಡಿಯ ಕೆಂಡದ ಅಗ್ಗಿಷ್ಟಿಕೆ ಶಾಖ ಕೊಡುವುದು ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಅದು ವಿಷಾನಿಲವನ್ನೂ ಕೊಡುತ್ತದೆ. ಸಾಂಬ್ರಾಣಿಯ ಹೊಗೆ ಮನೆಗೆ ಪರಿಮಳ, ಎಳೆಯ ಶ್ವಾಸಕೋಶಕ್ಕೆ ಹೊಗೆಯೇ.

ತಾಯಿಯ ಮೈಗಿಂತ ಮಿಗಿಲಾದ ಅಗ್ಗಿಷ್ಟಿಕೆಯಿಲ್ಲ ಎಂಬುದನ್ನು ಲೋಕಕ್ಕೆ ಮನಗಾಣಿಸಿದ್ದು ಒಂದು ಕೊರತೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸಾಕಷ್ಟು ಶಾಖಪೆಟ್ಟಿಗೆಗಳಿರಲಿಲ್ಲ. 1978ರಲ್ಲಿ ಡಾಕ್ಟರ್ ಎಡ್ಗರ್ ರೇ ಅವರು ಶಿಶುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವುದನ್ನು ಹೋಲುವ ಈ ಕ್ರಮಕ್ಕೆ ಕಾಂಗರೂ ಆರೈಕೆ ಎಂಬ ಹೆಸರೇ ನಿಂತಿತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದೊಡನೆಯೇ ಈ ಆರೈಕೆ ಆರಂಭಿಸಿದಾಗ ಸಾವು ಕಾಲು ಭಾಗದಷ್ಟು ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಸರ್ಕಾರಿ ಆಸ್ಪತ್ರೆಗಳ ಮೂಲಕ ಇದನ್ನು ವ್ಯಾಪಕವಾಗಿ ಆಚರಣೆಗೆ ತಂದು ನೋಡಲಾಗಿದೆ. ತಾಯಿ ದಣಿದಾಗ ತಂದೆಯ ಎದೆ, ಅಜ್ಜಿಯ ಎದೆ ಈ ಕೆಲಸಕ್ಕೆ ಒದಗುತ್ತದೆ.

ಎರಡನೆಯದು ಹಾಲು. ನಮ್ಮಲ್ಲೊಂದು ವಿಚಿತ್ರವಿದೆ. ಹಸು ಈದಾಗ ಗಿಣ್ಣುಹಾಲಿಗಾಗಿ ನೆರೆಮನೆಯವರೂ ಕಾದಿರುತ್ತಾರೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಹಂಚುತ್ತಾರೆ. ಆದರೆ ಮನುಷ್ಯ ತಾಯಿಯ ಗಿಣ್ಣುಹಾಲು, ಅಂದರೆ ಮೊದಲ ಎರಡು ಮೂರು ದಿನ ಬರುವ ಹಳದಿ ಛಾಯೆಯ ಮಂದ ಹಾಲು, ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿದ ಮನೆಗಳು ಎಷ್ಟೋ. ರೋಗಗಳನ್ನು ಎದುರಿಸುವ ಶಕ್ತಿಯನ್ನು ತಾಯಿ ಮಗುವಿಗೆ ಆ ಹಾಲಿನ ಮೂಲಕವೂ ದಾಟಿಸುತ್ತಾಳೆ. ಅದು ಕೆಲವೇ ಚಮಚಗಳಷ್ಟಿದ್ದರೂ ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಮೊಲೆಯೂಡಿಸಬೇಕು. ಶಸ್ತ್ರಚಿಕಿತ್ಸೆಯ ಹೆರಿಗೆಯಾದರೂ ತಾಯಿಗೆ ಎಚ್ಚರವಾದೊಡನೆ ಇದು ಸಾಧ್ಯ.

ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ. ಸಕ್ಕರೆನೀರು, ಕತ್ತೆಹಾಲು, ಹರಳೆಣ್ಣೆ, ತೇಯ್ದ ಬಜೆ, ಇವು ಯಾವುವೂ ಬೇಡ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಕೂಡದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ನಿಶ್ಚೇಷ್ಟಗೊಳಿಸಬಲ್ಲದು. ದಿನರಾತ್ರಿಗಳಲ್ಲಿ ಎಂಟರಿಂದ ಹನ್ನೆರಡು ಸಲ ಮಗು ಹಾಲು ಕೇಳುತ್ತದೆ. ‘ಹಾಲು ಸಾಲದು’ ಎಂಬ ಮಾತು ಹೊಸ ತಾಯಿಯ ಧೈರ್ಯ ಕೆಡಿಸುವಷ್ಟು ಬೇರಾವುದೂ ಕೆಡಿಸದು. ಸಾಲುತ್ತದೆಯೇ ಎಂಬುದಕ್ಕೆ ಅಳು ಪ್ರಮಾಣವಲ್ಲ, ಒದ್ದೆಬಟ್ಟೆ ಪ್ರಮಾಣ. ಐದನೆಯ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಮೊದಲ ದಿನಗಳಲ್ಲಿ ತೂಕ ಕೊಂಚ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಬೇಕು.

ಮೂರನೆಯದು ಶುಚಿತ್ವ. 1846ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ಒಂದು ವಿಭಾಗದಲ್ಲಿ ನೂರಕ್ಕೆ 11ರಷ್ಟು ತಾಯಂದಿರು ಸಾಯುತ್ತಿದ್ದರು. ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬಾಣಂತಿಯನ್ನು ಮುಟ್ಟಬೇಕೆಂದು ಸೆಮ್ಮೆಲ್‌ವೈಸ್ 1847ರಲ್ಲಿ ನಿಯಮ ಮಾಡಿದ. ಮರುವರ್ಷ ಸಾವು ನೂರಕ್ಕೆ ಒಂದರ ಸಮೀಪಕ್ಕೆ ಇಳಿಯಿತು. ಮಗುವನ್ನು ನೋಡಲು ಬರುವ ನೆಂಟರಿಗೆ ನಾವು ಮೊದಲು ಒದಗಿಸಬೇಕಾದದ್ದು ಕಾಫಿಯಲ್ಲ, ಸಾಬೂನು ಮತ್ತು ನೀರು. ನೆಗಡಿ, ಜ್ವರ ಇರುವವರು ಹೊಸಿಲಲ್ಲಿಯೇ ಹರಸಿ ಹೋಗಲಿ.

ಹೊಕ್ಕುಳಬಳ್ಳಿ ಒಂದೆರಡು ವಾರಗಳಲ್ಲಿ ತಾನೇ ಒಣಗಿ ಉದುರುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ಅದಕ್ಕೆ ಬೂದಿ, ಎಣ್ಣೆ, ಅರಿಸಿನ ಏನನ್ನೂ ಹಚ್ಚಬೇಕಿಲ್ಲ, ಒಣಗಿರಬೇಕು, ಅಷ್ಟೆ. ಒಂದು ಕಾಲದಲ್ಲಿ ಆ ಗಾಯದ ಮೂಲಕವೇ ಧನುರ್ವಾಯು ಒಳಹೊಕ್ಕು ಸಾವಿರಾರು ಕೂಸುಗಳನ್ನು ಒಯ್ಯುತ್ತಿತ್ತು. ಬಸುರಿಯರಿಗೆ ಚುಚ್ಚುಮದ್ದು ಹಾಗೂ ಶುಚಿಯಾದ ಹೆರಿಗೆ, ಇವೆರಡರ ಬಲದಿಂದ ಭಾರತ 2015ರಲ್ಲಿ ಆ ಪಿಡುಗನ್ನು ನಿವಾರಿಸಿದ ದೇಶವೆನಿಸಿತು.

ಎಣ್ಣೆನೀರಿನ ಸಂಭ್ರಮವನ್ನು ಬಿಡಬೇಕಾಗಿಲ್ಲ. ಕಾಲು ಚಾಚಿ ಕುಳಿತ ಅಜ್ಜಿಯ ಮಡಿಲಲ್ಲಿ ಹಗುರವಾದ ಕೈಯಿಂದ ಕೊಬ್ಬರಿ ಎಣ್ಣೆ ನೀವಿಸಿಕೊಳ್ಳುವ ಮಗುವಿಗೆ ಅದು ಸುಖವೇ. ಬಿಡಬೇಕಾದದ್ದು ಅದರ ಅತಿರೇಕಗಳನ್ನು: ಕಿವಿಮೂಗಿಗೆ ಎಣ್ಣೆ ಬಿಡುವುದು, ಮೂಗನ್ನು ತಿದ್ದಲೆಂದು ಒತ್ತುವುದು, ಕೂಸಿನ ಎದೆ ಉಬ್ಬಿದೆಯೆಂದು ಹಿಂಡುವುದು. ಆ ಉಬ್ಬು ತಾಯಿಯಿಂದ ಬಂದ ರಸಗಳ ಪರಿಣಾಮ. ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಬೇಡ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಪಾದದಡಿ ಇಟ್ಟರೂ ದೃಷ್ಟಿ ಕಳೆದೀತು. ಮಲಗಿಸುವಾಗ ಮಗುವನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ಸಾಸಿವೆದಿಂಬೂ ಬೇಡ, ಮೆತ್ತನೆಯ ಬೊಂಬೆಗಳೂ ಬೇಡ. ಅಂಗಾತ ಮಲಗಿಸಿರೆಂಬ ಪ್ರಚಾರ 1990ರ ದಶಕದಲ್ಲಿ ನಡೆದ ಮೇಲೆ ಬ್ರಿಟನ್, ಅಮೆರಿಕಗಳಲ್ಲಿ ತೊಟ್ಟಿಲಿನ ಹಠಾತ್ ಸಾವುಗಳು ಅರ್ಧಕ್ಕೂ ಕೆಳಗಿಳಿದವು.

ನಾಲ್ಕನೆಯದು ಎಚ್ಚರದ ಕಣ್ಣು. ಎರಡು ಮೂರನೆಯ ದಿನ ಕಾಣಿಸಿಕೊಂಡು ಒಂದೆರಡು ವಾರಗಳಲ್ಲಿ ಇಳಿಯುವ ಹಳದಿ ಬಣ್ಣ ಬಹಳ ಮಕ್ಕಳಲ್ಲಿ ಸಾಮಾನ್ಯ. ಆದರೆ ಹುಟ್ಟಿದ ದಿನವೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಎರಡು ವಾರ ಮೀರಿದರೆ ತಡಮಾಡಬಾರದು. ಅತಿಯಾದ ಕಾಮಾಲೆ ಮಿದುಳಿಗೆ ತಾಗುತ್ತದೆ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್, 1956ರಲ್ಲಿ, ಬಿಸಿಲಿಗೆ ಬಿದ್ದ ಕಡೆ ಮಗುವಿನ ಚರ್ಮದ ಹಳದಿ ಮಾಸಿದ್ದನ್ನು ವೈದ್ಯರಿಗೆ ತೋರಿಸಿದಳು. ಇಂದಿನ ನೀಲಿ ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಆ ಎಚ್ಚರದ ಕಣ್ಣಿನಿಂದ. ಹಾಗೆಂದು ಮನೆಯ ಬಿಸಿಲೇ ಚಿಕಿತ್ಸೆ ಎಂದು ಕಾಯುತ್ತ ಕೂಡಬಾರದು.

ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರಿನೊಡನೆ ಎದೆಗೂಡು ಒಳಸೆಳೆಯುತ್ತಿದ್ದರೆ, ಸೆಳವು ಬಂದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಹೊಕ್ಕುಳ ಕೆಂಪೇರಿ ಕೀವಾದರೆ, ಆಗ ಬೆಳಗಾಗಲೆಂದು ಕಾಯಬಾರದು. ಮಗುವನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಹೊರಡಬೇಕು. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ.

ಇಂಥ ಎಚ್ಚರಕ್ಕೆ ಪದವಿ ಬೇಕಿಲ್ಲ ಎಂಬುದನ್ನು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ತೋರಿಸಿಕೊಟ್ಟರು. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದಾಗ ನವಜಾತ ಶಿಶುಗಳ ಸಾವು ಶೇಕಡ 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ 42ನೆಯ ದಿನದವರೆಗೆ ಆರು ಸಲ ಮನೆಗೇ ಬಂದು ನೋಡುತ್ತಾಳೆ. ಆಕೆ ಬಾಗಿಲಿಗೆ ಬಂದಾಗ ನಡುಮನೆಗೆ ಕರೆದು ಕೂರಿಸಿ. ಕೇಳಬೇಕಾದದ್ದನ್ನೆಲ್ಲ ಸಂಕೋಚವಿಲ್ಲದೆ ಕೇಳಿ.

ಇನ್ನು ಹಸಿಬಾಣಂತಿ. ಮಗುವಿಗೆ ಹಾಲೂಡಿಸುವವಳಿಗೆ ನೀರನ್ನು ಅಳೆದು ಕೊಡುವ ಪಥ್ಯ ಕ್ರೂರವಾದದ್ದು. ಬಾಯಾರಿದಷ್ಟು ನೀರು, ಸೊಪ್ಪು, ತರಕಾರಿ, ಬೇಳೆ, ಹಣ್ಣು ಆಕೆಗೆ ಬೇಕು. ಅವಳ ನಿದ್ದೆ ಮನೆಯವರೆಲ್ಲರ ಹೊಣೆ. ಹೆತ್ತ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಬಹು ಸಾಮಾನ್ಯ. ಅದು ಎರಡು ವಾರ ಮೀರಿದರೆ, ಮಗುವಿನ ಮೇಲೆ ಮನಸ್ಸೇ ಹರಿಯದಿದ್ದರೆ, ಬದುಕು ಬೇಡವೆನಿಸಿದರೆ, ಅದು ಹಟವಲ್ಲ, ಕಾಯಿಲೆ, ಗುಣವಾಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಮಗುವನ್ನು ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವೇ ಇದೆ. ‘ಮಗು ಹೇಗಿದೆ?’ ಎಂದು ಹತ್ತು ಜನ ಕೇಳುತ್ತಾರೆ, ‘ನೀನು ಹೇಗಿದ್ದೀಯಮ್ಮ?’ ಎಂದು ಕೇಳುವವರು ಒಬ್ಬರಾದರೂ ಮನೆಯಲ್ಲಿರಬೇಕು.

ಹಾಗಾದರೆ ಮುಂಚಿತವಾಗಿ ಸಿದ್ಧಪಡಿಸಬೇಕಾದದ್ದೇನು? ಪಟ್ಟಿ ಚಿಕ್ಕದು. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಮೆತ್ತನೆ ಪಂಚೆ, ಸೀರೆಯ ತುಂಡುಗಳು; ತಾಯಿ ಕಾರ್ಡು; ರಕ್ತದ ಗುಂಪಿನ ವಿವರ; ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಜೊತೆಗೆ ಯಾರು, ರಾತ್ರಿಯಾದರೆ ವಾಹನ ಯಾವುದು ಎಂಬ ನಿಶ್ಚಯ. ಹುಟ್ಟಿದೊಡನೆ ಕೊಡಬೇಕಾದ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆ ಮತ್ತು ವಿಟಮಿನ್-ಕೆ ಚುಚ್ಚುಮದ್ದು ಆಗಿವೆಯೇ ಎಂದು ಆಸ್ಪತ್ರೆ ಬಿಡುವ ಮುನ್ನ ಕೇಳಿ ತಿಳಿಯಬೇಕು. ಮುಂದಿನ ಲಸಿಕೆಗಳು ಆರನೆಯ ವಾರದಿಂದ.

ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ತಂದೆಯದು. ಹಾಲೂಡಿಸುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವೂ ಅವನಿಂದ ಆಗುವಂಥದೇ. ಒದ್ದೆಬಟ್ಟೆ ಬದಲಿಸುವುದು, ತೇಗು ಬರಿಸುವುದು, ನಡುರಾತ್ರಿ ಎತ್ತಿಕೊಂಡು ತಿರುಗುವುದು, ನೆಂಟರಿಗೆ ನಯವಾಗಿ ಇಲ್ಲವೆನ್ನುವುದು, ಇವನ್ನು ಹೆರಿಗೆಗೆ ಮುನ್ನವೇ ಹಿರಿಯರೊಡನೆ ಕುಳಿತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಬೇಕು. ಕೂಸು ಅಳುತ್ತಿರುವಾಗ ಎದ್ದ ವಾದ ಯಾವ ಮನೆಯಲ್ಲಿಯೂ ಬಗೆಹರಿದದ್ದಿಲ್ಲ.

ನಮ್ಮ ಬಾಣಂತನದ ತಿರುಳು ವಿಶ್ರಾಂತಿ, ಮರೆ ಮತ್ತು ಹಿರಿಯರ ಆಸರೆ. ಆ ತಿರುಳು ಇಂದಿಗೂ ಗಟ್ಟಿಯಾಗಿದೆ. ಅದರ ಮೇಲೆ ಬೆಳೆದ ಸಿಪ್ಪೆಯನ್ನಷ್ಟೇ ಸುಲಿಯಬೇಕಾಗಿದೆ. ಹೊಸ ತಂದೆತಾಯಿಯರು ಎಲ್ಲವನ್ನೂ ಬಲ್ಲವರಾಗಬೇಕಿಲ್ಲ. ಬೆಚ್ಚಗಿಡುವುದು, ಹಾಲೂಡಿಸುವುದು, ಕೈ ತೊಳೆಯುವುದು, ಕಣ್ಣಿಟ್ಟಿರುವುದು, ಇವಿಷ್ಟನ್ನು ನಲವತ್ತು ದಿನ ತಪ್ಪದೆ ನಡೆಸಿದರೆ ಹಸುಗೂಸು ಕೂಸಾಗುತ್ತದೆ, ಹಸಿಬಾಣಂತಿ ತಾಯಾಗಿ ಎದ್ದು ನಡೆಯುತ್ತಾಳೆ.