ಹಳೆ ಸಾಹುಕಾರ್ರ ಫೋನು, ಹೊಸ ಕಂಪನಿಯ ಸಂಬಳ

ಭತ್ತದ ಸುಗ್ಗಿ ಶುರುವಾಯ್ತು ಅಂದ್ರೆ ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವವರಿಗೆ ಪುರುಸೊತ್ತಿಲ್ಲ. ಅಂಥ ಗಿರಣಿಯ ಒಬ್ಬ ನುರಿತ ಲೆಕ್ಕಿಗ ಕೆಲಸ ಬಿಟ್ಟು, ಬಳ್ಳಾರಿಯ ಜೀನ್ಸ್ ಘಟಕಕ್ಕೆ ಸೇರಿದ ಅಂದುಕೊಳ್ಳಿ. ತಿಂಗಳ 18ನೇ ತಾರೀಖು ಫೋನು ಬರುತ್ತೆ. ‘ತಮ್ಮಾ, 20ರೊಳಗೆ ಜಿಎಸ್‌ಟಿ ರಿಟರ್ನ್ ಹೋಗಬೇಕು, ಹೊಸ ಹುಡುಗನಿಗೆ ಏನೂ ತಿಳೀವಲ್ದು. ನೀನೇ ಮಾಡಿಕೊಡು, ರೊಕ್ಕ ಕೊಡ್ತೀನಿ.’

ಮಾಡಬಹುದಾ? ವೀಕ್ಷಕರೇ, ಇಲ್ಲಿ ಬಹಳ ಜನ ನೋಡೋದು ಹಳೆ ಮಾಲೀಕರ ಮುಖ. ಅನ್ನ ಕೊಟ್ಟ ಮನೆ, ಇಲ್ಲ ಅನ್ನೋದು ಹೇಗೆ ಅಂತ. ನೋಡಬೇಕಾದದ್ದು ಹೊಸ ಕಂಪನಿ ಕೊಟ್ಟ ನೇಮಕಾತಿ ಪತ್ರವನ್ನ.

ಕಾನೂನು ಏನು ಹೇಳುತ್ತೆ? 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬ ಮನುಷ್ಯ ತನ್ನ ಕಸುಬು ಮಾಡದಂತೆ ಕಟ್ಟಿಹಾಕುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು. ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಪರ್ಸೆಪ್ಟ್ ಡಿ’ಮಾರ್ಕ್ ಕಂಪನಿ ಹೂಡಿದ್ದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಒಪ್ಪಂದದ ಅವಧಿ ಮುಗಿದ ಮೇಲೆ ಇಂಥ ನಿರ್ಬಂಧ ನಿಲ್ಲೋದಿಲ್ಲ. ಹಾಗಂತ ಖುಷಿಪಡಬೇಡಿ. 1967ರಲ್ಲೇ, ರೇಯಾನ್ ಕಾರ್ಖಾನೆಯ ಗೋಲಿಕರಿ ಅನ್ನೋ ನೌಕರನ ಪ್ರಕರಣದಲ್ಲಿ ಅದೇ ಕೋರ್ಟು, ಕೆಲಸದ ಅವಧಿಯೊಳಗಿನ ನಿರ್ಬಂಧ ಸಾಮಾನ್ಯವಾಗಿ ಊರ್ಜಿತ ಅಂತ ಹೇಳಿದೆ. ಅಂದ್ರೆ ಕೆಲಸ ಬಿಟ್ಟವನನ್ನ ಹಳೆ ಧಣಿ ಕಟ್ಟಿಹಾಕುವಂತಿಲ್ಲ, ಸಂಬಳ ಕೊಡುತ್ತಿರುವ ಹೊಸ ಧಣಿ ಕಟ್ಟಿಹಾಕಬಹುದು.

2022ರ ಗಲಾಟೆ ನೆನಪಿದೆಯಲ್ಲ? ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದರು ಅಂತ 300 ಜನರನ್ನ ವಿಪ್ರೋ ಮನೆಗೆ ಕಳಿಸಿತು. ಅದೇ ವರ್ಷ ಇನ್ಫೋಸಿಸ್ ಮೊದಲು ಎರಡು ನೌಕರಿ ನಡೆಯಲ್ಲ ಅಂತ ಎಚ್ಚರಿಸಿ, ಆಮೇಲೆ ಅನುಮತಿ ಪಡೆದು, ಪೈಪೋಟಿ ಇಲ್ಲದ ಕಡೆ ಬಿಡುವಿನಲ್ಲಿ ಸಣ್ಣ ಕೆಲಸ ಮಾಡಬಹುದು ಅಂದಿತು. ಆ ಎರಡು ಮಾತು, ಅನುಮತಿ ಮತ್ತು ಪೈಪೋಟಿ, ಬಳ್ಳಾರಿಗೂ ಸಾಕು. ಅಕ್ಕಿ ಗಿರಣಿಗೂ ಜೀನ್ಸಿಗೂ ಪೈಪೋಟಿ ಇಲ್ಲ. ಆದರೆ ಕುರುಗೋಡಿನಿಂದ ದಿನಾ ಬಸ್ಸಲ್ಲಿ ಬಂದು ಒಂದು ಜೀನ್ಸ್ ಘಟಕದಲ್ಲಿ ಕಂಪ್ಯೂಟರ್ ಮೇಲೆ ಪ್ಯಾಟರ್ನ್ ಮಾಡುತ್ತಿದ್ದ ಹುಡುಗಿ ಪಕ್ಕದ ರಸ್ತೆಯ ಇನ್ನೊಂದು ಜೀನ್ಸ್ ಘಟಕಕ್ಕೆ ಹೋಗಿದ್ದರೆ? ಹಳೆ ಮಾಲೀಕರಿಗೆ ರಾತ್ರಿ ಒಂದು ಪ್ಯಾಟರ್ನ್ ಮಾಡಿಕೊಟ್ಟರೂ ಅದು ನೇರ ಪೈಪೋಟಿ. ಅಲ್ಲಿ ಕೈಮುಗಿದು ‘ಆಗಲ್ರೀ’ ಅನ್ನೋದೇ ಸರಿ.

ಇನ್ನು ದುಡ್ಡು. ‘ಕ್ಯಾಶ್ ಕೊಟ್ಟುಬಿಡ್ತೀನಿ’ ಅಂತಾರೆ, ಬೇಡಿ. ಬ್ಯಾಂಕಿಗೇ ಹಾಕಿಸಿಕೊಳ್ಳಿ. ಇದು ಸಂಬಳ ಅಲ್ಲ, ವೃತ್ತಿಪರ ಶುಲ್ಕ. ವರ್ಷಕ್ಕೆ 50 ಸಾವಿರ ದಾಟಿದರೆ ಸಾಮಾನ್ಯವಾಗಿ ಶೇ. 10ರಷ್ಟು ಟಿಡಿಎಸ್ ಮುರಿಯುತ್ತಾರೆ (2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30 ಸಾವಿರ ಇತ್ತು). ಮುರಿಯಲಿ, ಮುರಿಯದಿರಲಿ, ನಿಮ್ಮ ರಿಟರ್ನ್‌ನಲ್ಲಿ ತೋರಿಸಲೇಬೇಕು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಒಟಿಪಿ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಎಷ್ಟೋ ಕಡೆ ಮಾಲೀಕರ ಜಿಎಸ್‌ಟಿ ಖಾತೆಗೆ ಕೊಟ್ಟಿರೋದು ಲೆಕ್ಕಿಗನ ಸ್ವಂತ ಮೊಬೈಲ್ ನಂಬರ್. ಕೆಲಸ ಬಿಟ್ಟು ಆರು ತಿಂಗಳಾದರೂ ಒಟಿಪಿ ಇವನ ಫೋನಿಗೇ ಬರುತ್ತೆ. ‘ಒಂದು ನಂಬರ್ ಹೇಳಪ್ಪ’ ಅಂತ ಅವರು ಕೇಳ್ತಾರೆ, ಇವನು ಹೇಳ್ತಾನೆ. ನಾಳೆ ಆ ರಿಟರ್ನ್‌ನಲ್ಲಿ ಸುಳ್ಳು ಬಿಲ್ ಸಿಕ್ಕರೆ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆಯೇ ‘ಈ ನಂಬರ್ ಯಾರದು?’ ಅಂತ ಇರಬಹುದು. ಪೋರ್ಟಲ್‌ನಲ್ಲಿ ನಂಬರ್ ಬದಲಿಸೋಕೆ ದಾರಿ ಇದೆ. ಮಾಲೀಕರ ನಂಬರ್ ಹಾಕಿಸಿ, ಆಮೇಲೆ ಕೆಲಸದ ಮಾತಾಡಿ.

ಒಂದು ಕೊಂಕೂ ಇದೆ. ‘ನಿನ್ನ ಹಳೆ ಲೆಕ್ಕ ಚುಕ್ತಾ ಆಗಬೇಕಲ್ಲ, ಅಲ್ಲೀತನಕ ಸ್ವಲ್ಪ ನೋಡ್ಕೋ’ ಅನ್ನೋರಿದ್ದಾರೆ. ಇದು ಫ್ರೀಲಾನ್ಸ್ ಅಲ್ಲ, ಬಿಟ್ಟಿ ಚಾಕರಿ. ಕಾಯ್ದೆ ಅನ್ವಯಿಸುವ, 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಐದು ವರ್ಷ ಸತತ ಸೇವೆ ಮಾಡಿ ಬಿಟ್ಟವರಿಗೆ ಗ್ರಾಚ್ಯುಟಿ 30 ದಿನದೊಳಗೆ ಬರಬೇಕು. ಅದಕ್ಕೆ ಯಾರ ರಿಟರ್ನ್ ತುಂಬಿಕೊಡುವ ಷರತ್ತೂ ಇಲ್ಲ.

ಸರಿ, ಎಲ್ಲ ಹೊಂದಿತು, ಮಾಡೋಣ ಅಂತೀರಾ? ಮೊದಲು ಹೊಸ ಕಂಪನಿಗೆ ಒಂದು ಇಮೇಲ್ ಹಾಕಿ: ಯಾರಿಗೆ, ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಕಚೇರಿ ವೇಳೆಯಲ್ಲಿ ಅಲ್ಲ, ಕಚೇರಿ ಲ್ಯಾಪ್‌ಟಾಪಿನಲ್ಲಿ ಅಲ್ಲ. ಬಾಯಿಮಾತಿನ ‘ಹ್ಞೂಂ ಮಾಡ್ಕೋ’ ಸಾಲದು, ಉತ್ತರ ಬರಹದಲ್ಲಿರಲಿ. ಆಮೇಲೆ ಹಳೆ ಸಾಹುಕಾರ್ರಿಗೊಂದು ವಾಟ್ಸಾಪ್: ಯಾವ ಯಾವ ರಿಟರ್ನ್, ಒಂದಕ್ಕೆ ಎಷ್ಟು, ಯಾವ ತಿಂಗಳವರೆಗೆ. ಹೊಸ ಹುಡುಗನನ್ನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸೋದಕ್ಕೆ ಬೇರೆ ರೇಟು ಹಾಕಿ. ಅದಕ್ಕೆ ಅವರು ಚೌಕಾಸಿ ಮಾಡೇ ಮಾಡ್ತಾರೆ.