ಮಾನಸ ಸರೋವರದಲ್ಲಿ ಬೇಳೆ ಏಕೆ ಬೇಯದು?

2020ರಿಂದ ನಿಂತಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಹೊರಡಲು ಅಣಿಯಾಗುತ್ತಿರುವ ದಬ್ಬೇಘಟ್ಟದ ಓದುಗರೊಬ್ಬರು ಕೇಳಿದ್ದಾರೆ: "ಅಲ್ಲಿ ನೀರು ಬೇಗ ಕುದಿಯುತ್ತದಂತೆ, ಬೇಳೆ ಮಾತ್ರ ಬೇಯುವುದಿಲ್ಲವಂತೆ. ನಿಜವೇ?"

ನಿಜ. ನೀರಿನ ಮೇಲೆ ಗಾಳಿ ಕಾಣದ ಮುಚ್ಚಳದಂತೆ ಒತ್ತಿ ಕೂತಿರುತ್ತದೆ. ಅದನ್ನು ತಳ್ಳುವಷ್ಟು ಆವಿಗೆ ಬಲ ಬಂದಾಗ ಕುದಿ ಬರುತ್ತದೆ. ಮೇಲೇರಿದಂತೆ ಮುಚ್ಚಳ ಹಗುರವಾಗುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ತುರುವೇಕೆರೆ, ತಿಪಟೂರು ಸೀಮೆಯಲ್ಲಿ ಸುಮಾರು 97ಕ್ಕೆ, 4,590 ಮೀಟರ್ ಎತ್ತರದ ಮಾನಸ ಸರೋವರದ ದಡದಲ್ಲಿ ಸುಮಾರು 85ಕ್ಕೇ ಕುದಿಯುತ್ತದೆ. ಆಮೇಲೆ ಉರಿ ಎಷ್ಟು ಏರಿಸಿದರೂ ನೀರಿನ ಬಿಸಿ ಏರದು. ಗ್ಯಾಸು ಖಾಲಿಯಾಗುತ್ತದೆ, ನೀರು ಬತ್ತುತ್ತದೆ, ತೊಗರಿಬೇಳೆ ಹಿಸುಕಿದರೆ ನಡುವೆ ಇನ್ನೂ ಗಟ್ಟಿ.

1835ರಲ್ಲಿ ಆಂಡೀಸ್ ಪರ್ವತ ದಾಟುತ್ತಿದ್ದ ಚಾರ್ಲ್ಸ್ ಡಾರ್ವಿನ್ನರ ತಂಡವೂ ಈ ಪಾಡು ಪಟ್ಟಿತ್ತು. ಆಲೂಗಡ್ಡೆಯ ಪಾತ್ರೆ ರಾತ್ರಿಯಿಡೀ ಒಲೆಯ ಮೇಲಿತ್ತು. ಬೆಳಿಗ್ಗೆ ಮತ್ತೆ ಕುದಿಸಿದರೂ ಗಡ್ಡೆ ಬೆಂದಿರಲಿಲ್ಲ. ಜೊತೆಗಾರರು ಹೊಸ ಪಾತ್ರೆಯನ್ನೇ ಶಪಿಸಿದರು. ತಪ್ಪು ಪಾತ್ರೆಯದಲ್ಲ, ತೆಳುಗಾಳಿಯದು ಎಂಬುದು ಡಾರ್ವಿನ್ನರಿಗೆ ತಿಳಿದಿತ್ತು. ಪರಿಹಾರವಂತೂ ಅದಕ್ಕೂ ಒಂದೂವರೆ ಶತಮಾನ ಹಿಂದೆಯೇ ಸಿಕ್ಕಿತ್ತು. 1679ರಲ್ಲಿ ಫ್ರಾನ್ಸಿನ ಡೆನಿಸ್ ಪಾಪಿನ್ ಲಂಡನ್ನಿನಲ್ಲಿ ಆವಿಯನ್ನು ಬಿಗಿಹಿಡಿಯುವ ಪಾತ್ರೆಯನ್ನು ಮಾಡಿ ತೋರಿಸಿದ್ದರು. ಅದೇ ನಮ್ಮ ಕುಕ್ಕರಿನ ಮೂಲ. ಮಾನಸ ಸರೋವರದಲ್ಲೂ ಕುಕ್ಕರಿನೊಳಗೆ ಬಿಸಿ 110 ಡಿಗ್ರಿ ದಾಟುತ್ತದೆ, ಬೇಳೆ ಬೇಯುತ್ತದೆ.

ಕುಕ್ಕರ್ ಇಲ್ಲದ ಕಾಲದಲ್ಲಿ ಟಿಬೆಟಿನವರು ಕಂಡುಕೊಂಡ ದಾರಿ ನನಗೆ ಇನ್ನೂ ಅಚ್ಚುಮೆಚ್ಚು. ಬಿಸಿಗೆ ಮಿತಿ ಹಾಕುವುದು ನೀರು ತಾನೆ? ಅವರು ನೀರನ್ನೇ ಬಿಟ್ಟರು. ಬಾರ್ಲಿಯನ್ನು ಕಾದ ಮರಳಿನಲ್ಲಿ ಹುರಿದು, ಬೀಸಿ, ಬೆಣ್ಣೆಚಹಾದಲ್ಲಿ ಕಲಸಿ ತಿನ್ನುತ್ತಾರೆ. ಅದರ ಹೆಸರು ತ್ಸಂಪಾ. ಕಾದ ಮರಳಿಗೆ ಎತ್ತರದ ಹಂಗಿಲ್ಲ, ಕುದಿಬಿಂದುವನ್ನು ಎಷ್ಟೋ ದಾಟಿ ಕಾಯುತ್ತದೆ. ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ನಡೆಯುವುದೂ ಇದೇ. ರಾಗಿಯನ್ನು ಬಾಣಲೆಯಲ್ಲಿ ಅರಳಿಸಿ ಮಾಡುವ ಹುರಿಹಿಟ್ಟಿನ ವಿಜ್ಞಾನವೂ ಇದೇ. ಊರಿನಲ್ಲೇ ಬೆಂದು ಮುಗಿದ ಆಹಾರಕ್ಕೆ ಬೆಟ್ಟದ ಮೇಲೆ ಒಲೆಯ ಚಿಂತೆ ಎಲ್ಲಿಯದು?

ಆದ್ದರಿಂದ ಯಾತ್ರಿಕರಿಗೆ ನನ್ನ ಸಲಹೆ: ದುಬಾರಿ ಪೊಟ್ಟಣಗಳಿಗೆ ಮರುಳಾಗಬೇಡಿ. ಹುರಿಹಿಟ್ಟು, ಬೆಲ್ಲ, ತೆಳು ಅವಲಕ್ಕಿ ಕಟ್ಟಿಕೊಳ್ಳಿ. ಅಟ್ಟದಿಂದ ಇಳಿಸಿದ ಉಂಡೆ ಕೊಬ್ಬರಿಯ ಒಂದೆರಡು ಗಿಟುಕು ಇರಲಿ. ನೀರಿನಂಶ ಬಹಳ ಕಡಿಮೆಯಾದ್ದರಿಂದ ಕೆಡದು. ನೂರು ಗ್ರಾಮಿನಲ್ಲಿ 600ಕ್ಕೂ ಹೆಚ್ಚು ಕ್ಯಾಲರಿ. ಕೊಬ್ಬರಿ ಎಣ್ಣೆ ಒಯ್ಯುವುದಾದರೆ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡೇರೆಯೊಳಗೆ ಒಲೆ ಹಚ್ಚಲೇಬೇಡಿ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಕುಡಿಯುವ ನೀರನ್ನು ಕುದಿ ಬಂದ ಮೇಲೂ 3 ನಿಮಿಷ ಕುದಿಸಿ. ಬೇಳೆಗೆ ಸಾಲದ ಆ 85 ಡಿಗ್ರಿ ರೋಗಾಣುಗಳನ್ನು ಕೊಲ್ಲಲು ಸಾಕು.